ಏರ್ ಪಿಸ್ತೂಲಿನ ಟ್ರಿಗರ್ ಹದ ಮಾಡುವುದು: ಯಾವ ಸ್ಕ್ರೂ ಮೊದಲು, ಯಾವುದು ಕೊನೆಗೆ

"ಸರ್ರ, ಟ್ರಿಗರ್ ಭಾಳ ಬಿರುಸಾಗೇತ್ರಿ, ಸ್ವಲ್ಪ ಸಡಲ ಮಾಡಿ ಕೊಡ್ರಿ."

ಹುಬ್ಬಳ್ಳಿಯಲ್ಲಿ ನಾನು ಅಭ್ಯಾಸಕ್ಕೆ ಹೋಗುವ ಶೂಟಿಂಗ್ ರೇಂಜ್‌ನಲ್ಲಿ ವಾರಕ್ಕೊಮ್ಮೆಯಾದರೂ ಈ ಮಾತು ಕೇಳುತ್ತೇನೆ. ಕೇಳುವ ಹುಡುಗನ ಕೈಯಲ್ಲಿ ಆಗಲೇ ಅಲೆನ್ ಕೀ ಇರುತ್ತದೆ. ಎರಡು ಮೂರು ಸ್ಕ್ರೂ ತಿರುಗಿಸಿಯೂ ಆಗಿರುತ್ತದೆ. ಯಾವುದನ್ನು ಎಷ್ಟು ತಿರುಗಿಸಿದೆ ಅಂತ ಕೇಳಿದರೆ ಮುಖ ಮುಖ ನೋಡುತ್ತಾನೆ. ಅಲ್ಲಿಂದ ಅದನ್ನು ಸರಿದಾರಿಗೆ ತರೋದು ಹೊಸದಾಗಿ ಹದ ಮಾಡುವುದಕ್ಕಿಂತ ಜಾಸ್ತಿ ಕೆಲಸ. ಅದಕ್ಕೇ ಒಮ್ಮೆ ಪೂರ್ತಿ ಬರೆದಿಡುತ್ತಿದ್ದೇನೆ.

ಇದು 10 ಮೀಟರ್ ಸ್ಪರ್ಧೆಗೆ ಬಳಸುವ, ಸಿಲಿಂಡರ್‌ನಲ್ಲಿ ಗಾಳಿ ತುಂಬುವ 4.5 ಮಿಮೀ ಪಿಸ್ತೂಲಿಗೆ. ಸ್ಟೇಯರ್, ವಾಲ್ಥರ್, ಪಾರ್ದಿನಿ, ಮೊರಿನಿ, ಯಾವುದೇ ಇರಲಿ, ಸ್ಕ್ರೂ ಇರುವ ಜಾಗ ಬೇರೆ ಬೇರೆ, ಮಾಡುವ ಕೆಲಸ ಹೆಚ್ಚುಕಡಿಮೆ ಒಂದೇ. ನಿಮ್ಮ ಮಾಡೆಲ್‌ನ ಮ್ಯಾನ್ಯುವಲ್ ಪಕ್ಕದಲ್ಲಿ ಇಟ್ಟುಕೊಂಡೇ ಓದಿ.

ಹಾವೇರಿ, ಗದಗ ಕಡೆಯಿಂದ ಬರುವ ಕೆಲವರು ಮನೆಯ ಲೈಸೆನ್ಸ್ ರಿವಾಲ್ವರ್ ಬಗ್ಗೆಯೂ ಕೇಳುತ್ತಾರೆ. ಅದಕ್ಕೆ ನನ್ನ ಉತ್ತರ ಚಿಕ್ಕದು: ಬಿಚ್ಚಬೇಡಿ. 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಬಂದೂಕು ರಿಪೇರಿ ಮಾಡುವವರಿಗೂ ಲೈಸೆನ್ಸ್ ಬೇಕು. ಸ್ಪ್ರಿಂಗ್ ಕತ್ತರಿಸಿದರೆ ಎಳೆತ ಹಗುರಾಗುತ್ತದೆ ನಿಜ, ಆದರೆ ಒಳಗಿನ ಸುತ್ತಿಗೆಯ (ಹ್ಯಾಮರ್) ಪೆಟ್ಟೂ ಸಣ್ಣದಾಗಿ ಗುಂಡು ಹಾರದೇ ಉಳಿಯುತ್ತದೆ. ಒಳಗಿನ ಕೊಕ್ಕೆಗೆ ಅರ ಹಾಕಿದರೆ ಇನ್ನೂ ಕೆಟ್ಟದ್ದು. ಎತ್ತಿ ನಿಲ್ಲಿಸಿದ ಸುತ್ತಿಗೆ ಹೆಬ್ಬೆರಳು ತಾಗಿದರೂ ಬೀಳಬಹುದು. ಲೈಸೆನ್ಸ್ ಇರುವ ಗನ್‌ಸ್ಮಿತ್ ಹತ್ತಿರ ಒಯ್ಯಿರಿ. ಕೆಳಗೆ ಬೆರಳಿನ ಬಗ್ಗೆ ಹೇಳಿರುವುದಷ್ಟೇ ನಿಮಗೂ ಉಪಯೋಗಕ್ಕೆ ಬರುತ್ತದೆ.

ಏನೇನು ಬೇಕು

ಪಿಸ್ತೂಲಿನ ಜೊತೆ ಬಂದ ಅಲೆನ್ ಕೀಗಳು. ಬೇರೆಯವು ಬೇಡ. ತುದಿ ಸವೆದ ಅಗ್ಗದ ಕೀ ಸ್ಕ್ರೂ ತಲೆಯನ್ನು ಗುಂಡಗೆ ಮಾಡಿಬಿಡುತ್ತದೆ, ಆಮೇಲೆ ಅದನ್ನು ತೆಗೆಯುವುದೇ ಕಷ್ಟ. ಒಂದು ಮೆತ್ತನೆಯ ಸಣ್ಣ ಬ್ರಶ್, ಹಳೆಯ ಬನಿಯನ್ ಬಟ್ಟೆ, ಉಗುರು ಬಣ್ಣದ ಬಾಟಲಿ (ಯಾಕೆ ಅಂತ ಮುಂದೆ ಹೇಳುತ್ತೇನೆ), ಒಂದು ನೋಟ್‌ಬುಕ್, ಮೊಬೈಲ್ ಕ್ಯಾಮೆರಾ.

ಮುಖ್ಯವಾಗಿ ಬೇಕಾದ್ದು ತೂಕ. ಐಎಸ್‌ಎಸ್‌ಎಫ್ (ಅಂತರರಾಷ್ಟ್ರೀಯ ಶೂಟಿಂಗ್ ಒಕ್ಕೂಟ) ನಿಯಮದಲ್ಲಿ 10 ಮೀಟರ್ ಏರ್ ಪಿಸ್ತೂಲಿನ ಟ್ರಿಗರ್ ಕನಿಷ್ಠ 500 ಗ್ರಾಂ ಇರಬೇಕು, ಅಂದರೆ ಅಷ್ಟು ತೂಕವನ್ನು ಟ್ರಿಗರ್‌ಗೆ ನೇತುಹಾಕಿ ಎತ್ತಿದರೂ ಸುತ್ತಿಗೆ ಬೀಳಬಾರದು. ಅದನ್ನು ಅಳೆಯಲು ಸಿಗುವ ಕಂಪನಿ ತೂಕಕ್ಕೆ ದುಡ್ಡು ಜಾಸ್ತಿ. ಮನೆಯಲ್ಲೇ ಮಾಡಿಕೊಳ್ಳಬಹುದು. ಅರ್ಧ ಲೀಟರಿನ ನೀರಿನ ಬಾಟಲಿ ತೊಗೊಳ್ಳಿ. ಮುಚ್ಚಳಕ್ಕೆ ತೂತು ಮಾಡಿ ಗಟ್ಟಿ ತಂತಿಯ ಕೊಕ್ಕೆ ಕೂರಿಸಿ. ಟ್ರಿಗರ್‌ಗೆ ತಾಗುವ ಜಾಗ ಸಪಾಟಾಗಿರಲಿ. ಒಳಗೆ ಜೋಳ ತುಂಬಿ, ಸಾಲದಿದ್ದರೆ ನಾಲ್ಕು ನಟ್ಟು ಬೋಲ್ಟು ಹಾಕಿ. ಜೋಳವೇ ಯಾಕೆಂದರೆ ಕೊನೆಯ ಒಂದೆರಡು ಗ್ರಾಂ ಹೊಂದಿಸುವಾಗ ಕಾಳು ಕಾಳಾಗಿ ತೆಗೆಯಬಹುದು. ಗ್ಯಾರೇಜಿನಲ್ಲಿ ಹಳೆಯ ಬೇರಿಂಗ್ ಗುಂಡು ಸಿಕ್ಕರೆ ಇನ್ನೂ ಒಳ್ಳೆಯದು, ಮಳೆಗಾಲದ ತೇವಕ್ಕೆ ತೂಕ ಬದಲಾಗುವುದಿಲ್ಲ.

ಬಾಟಲಿ, ಮುಚ್ಚಳ, ಕೊಕ್ಕೆ ಎಲ್ಲ ಸೇರಿ 500 ಗ್ರಾಂ. ಇದನ್ನು ಅಡುಗೆಮನೆಯ ತಕ್ಕಡಿಯಲ್ಲಿ ತೂಗಬೇಡಿ. ನಾನು ಹಾಗೇ ತೂಗಿದ್ದೆ. ಮೊದಲ ಸ್ಪರ್ಧೆಯ ತಪಾಸಣೆಯಲ್ಲಿ ಮೂರಕ್ಕೆ ಮೂರು ಸಲವೂ ಟಪ್ ಅಂತ ಸುತ್ತಿಗೆ ಬಿತ್ತು. ಮೂಲೆಯಲ್ಲಿ ಕೂತು, ನಡುಗುವ ಕೈಯಲ್ಲಿ ಸ್ಕ್ರೂ ತಿರುಗಿಸಿದೆ. ಆ ದಿನದ ಅಂಕ ಕೇಳಬೇಡಿ. ಊರಿಗೆ ಬಂದು ಪರಿಚಯದ ಸರಾಫರ ಅಂಗಡಿಯಲ್ಲಿ ತೂಗಿಸಿದರೆ ನನ್ನ ಬಾಟಲಿ 488 ಗ್ರಾಂ ಇತ್ತು. ಬಂಗಾರ ತೂಗುವ ತಕ್ಕಡಿ ಸುಳ್ಳು ಹೇಳುವುದಿಲ್ಲ. ದುರ್ಗದ ಬೈಲ್ ಕಡೆ ಹೋದಾಗ ಒಂದು ನಿಮಿಷದ ಕೆಲಸ, ಅಂಗಡಿಯವರು ನಗುತ್ತಾರೆ ಅಷ್ಟೇ.

ಹಂತ 1: ಪಿಸ್ತೂಲು ಖಾಲಿ ಮಾಡಿ

ಬ್ರೀಚ್, ಅಂದರೆ ಗುಂಡು ತುಂಬುವ ಬಾಯಿ, ತೆರೆಯಿರಿ, ಪೆಲೆಟ್ (ಏರ್ ಪಿಸ್ತೂಲಿನ ಸಣ್ಣ ಗುಂಡು) ಇಲ್ಲ ಅಂತ ಕಣ್ಣಿಂದ ನೋಡಿ. ಪೆಲೆಟ್ ಡಬ್ಬಿಯನ್ನು ಬೇರೆ ಟೇಬಲ್ ಮೇಲೆ ಇಡಿ. ನಳಿಗೆಯ ಉದ್ದಕ್ಕೂ ಸುರಕ್ಷತಾ ದಾರ ತೂರಿಸಿ. ದಾರ ಕಳೆದುಕೊಂಡಿದ್ದರೆ ಹುಲ್ಲು ಕತ್ತರಿಸುವ ಮೆಷಿನ್‌ನ ನೈಲಾನ್ ದಾರ ನಡೆಯುತ್ತದೆ, ಕಣ್ಣಿಗೆ ಹೊಡೆಯುವ ಬಣ್ಣದ್ದು ಆರಿಸಿ. ಎರಡೂ ತುದಿ ಹೊರಗೆ ಕಾಣಬೇಕು.

ಇಲ್ಲಿಂದ ಮುಂದೆ ಟ್ರಿಗರ್ ಒತ್ತುವ ಪ್ರತಿ ಪರೀಕ್ಷೆಯೂ ಡ್ರೈ ಫೈರ್ ವ್ಯವಸ್ಥೆಯಲ್ಲಿ, ಅಂದರೆ ಗಾಳಿ ಹೊರಬಿಡದೆ ಬರೀ ಟ್ರಿಗರ್ ಕೆಲಸ ಮಾಡುವ ಹಾಗೆ. ಮ್ಯಾಚ್ ಪಿಸ್ತೂಲುಗಳಲ್ಲಿ ಇದಕ್ಕೊಂದು ಗುಂಡಿಯೋ ಲಿವರೋ ಇರುತ್ತದೆ. ದಾರ ತೆಗೆದ ಮೇಲೆ ನಳಿಗೆ ಗೋಡೆಯ ಕಡೆಗೇ ಇರಲಿ. ಮಕ್ಕಳು ಓಡಾಡುವ ಕೋಣೆ ಬೇಡ.

ಸ್ಪ್ರಿಂಗ್‌ನಿಂದ ಓಡುವ ಅಗ್ಗದ ಏರ್ ಪಿಸ್ತೂಲು ಇಟ್ಟುಕೊಂಡವರು ಇಲ್ಲೇ ನಿಲ್ಲಿ. ಅದನ್ನು ಪೆಲೆಟ್ ಇಲ್ಲದೆ ಹಾರಿಸಿದರೆ ಪಿಸ್ಟನ್‌ಗೆ ಎದುರೊತ್ತಡ ಸಿಗದೆ ಗೋಡೆಗೆ ಬಡಿದ ಹಾಗೆ ಬಡಿಯುತ್ತದೆ. ಸೀಲ್, ಸ್ಪ್ರಿಂಗ್ ಎರಡೂ ಹೋಗುತ್ತವೆ.

ಹಂತ 2: ತಪ್ಪು ಟ್ರಿಗರ್‌ದೋ, ಬೆರಳಿನದೋ?

ಇದನ್ನು ಬಿಟ್ಟು ಮುಂದೆ ಹೋಗುವವರೇ ಬಹಳ. ಮೊದಲು ಒಂದು ಲೆಕ್ಕ ನೋಡಿ. ಗುರಿ ನೋಡಲು ಪಿಸ್ತೂಲಿನ ಮೇಲಿರುವ ಹಿಂದಿನ ಸೈಟ್‌ಗೂ ಮುಂದಿನ ಸೈಟ್‌ಗೂ 320 ಮಿಮೀ ಅಂತರ ಇದೆ ಅಂದುಕೊಳ್ಳಿ. ಗುಂಡು ಬಿಡುವ ಹೊತ್ತಿಗೆ ಮುಂದಿನ ಸೈಟ್ ಬರೀ 1 ಮಿಮೀ ಪಕ್ಕಕ್ಕೆ ಸರಿದರೆ 10 ಮೀಟರ್ ಆಚೆ ಪೆಲೆಟ್ ಸುಮಾರು 31 ಮಿಮೀ ಸರಿಯುತ್ತದೆ. ಹತ್ತರ ವೃತ್ತದ ಅಗಲವೇ 11.5 ಮಿಮೀ. ಅಂದರೆ ಬೆರಳು ಮಾಡುವ ಕೂದಲೆಳೆಯಷ್ಟು ತಂಟೆಯೂ ಅಂಕದಲ್ಲಿ ಕಾಣುತ್ತದೆ.

ಬಿಳಿ ಗೋಡೆಯ ಎದುರು ನಿಲ್ಲಿ. ಟಾರ್ಗೆಟ್ ಬೇಡ. ಮುಂದಿನ ಸೈಟ್ ಮೇಲೇ ಕಣ್ಣಿಟ್ಟು 20 ಸಲ ಡ್ರೈ ಫೈರ್ ಮಾಡಿ. ಕ್ಲಿಕ್ ಅಂದ ಕ್ಷಣ ಸೈಟ್ ಏನು ಮಾಡಿತು ಅಂತ ಪ್ರತಿ ಸಲ ಬರೆಯಿರಿ.

ಬಲಗೈಯವರ ಸೈಟ್ ಪದೇ ಪದೇ ಎಡಕ್ಕೆ ಜಿಗಿದರೆ ಬೆರಳು ಟ್ರಿಗರನ್ನು ನೇರ ಹಿಂದಕ್ಕೆ ಒತ್ತದೆ ಪಕ್ಕಕ್ಕೆ ತಳ್ಳುತ್ತಿದೆ. ಎಡಕ್ಕೂ ಕೆಳಕ್ಕೂ ಹೋದರೆ ಇಡೀ ಅಂಗೈಯನ್ನೇ ಹಿಂಡುತ್ತಿದ್ದೀರಿ. ಕ್ಲಿಕ್ ಆದ ಮೇಲೆ ಜಿಗಿದರೆ ಅದು ಟ್ರಿಗರ್ ಸ್ಟಾಪ್‌ನ (ಟ್ರಿಗರ್ ಹಿಂದಕ್ಕೆ ಓಡದಂತೆ ತಡೆಯುವ ಸ್ಕ್ರೂ) ಕೆಲಸ, ಹಂತ 7 ನೋಡಿ. ಸೈಟ್ ಅಲುಗಲೇ ಇಲ್ಲ, ಆದರೂ ರೇಂಜ್‌ನಲ್ಲಿ ಗುಂಡು ಚೆದುರುತ್ತಿದೆ ಅಂದರೆ ಟ್ರಿಗರ್ ನಿರಪರಾಧಿ. ಪೆಲೆಟ್, ಸೈಟ್, ನಿಲುವು ಇವನ್ನು ನೋಡಿ.

ಇನ್ನೊಂದು ಪರೀಕ್ಷೆ ನನಗೆ ಬಹಳ ಇಷ್ಟ. ಗುರಿ ನೀವು ಹಿಡಿಯಿರಿ, ಟ್ರಿಗರನ್ನು ಪಕ್ಕದಲ್ಲಿ ನಿಂತ ಗೆಳೆಯ ಮೆಲ್ಲಗೆ ಒತ್ತಲಿ. ಸೈಟ್ ಕಂಬದಂತೆ ನಿಂತರೆ ಅಲೆನ್ ಕೀ ಪೆಟ್ಟಿಗೆಯಲ್ಲಿ ಇಟ್ಟುಬಿಡಿ. "ಬಿರುಸು" ಅಂತ ಬಂದ ಹುಡುಗರಲ್ಲಿ ಬಹಳಷ್ಟು ಮಂದಿ ಇಲ್ಲಿಂದಲೇ ವಾಪಸ್ ಹೋಗಿದ್ದಾರೆ.

ಹಂತ 3: ಈಗಿರುವುದನ್ನು ಬರೆದಿಟ್ಟುಕೊಳ್ಳಿ

ನಾಲ್ಕೂ ಕಡೆಯಿಂದ ಫೋಟೊ. ಪ್ರತಿ ಸ್ಕ್ರೂ ತಲೆಯಿಂದ ಪಕ್ಕದ ಲೋಹದ ಮೇಲೆ ಹಾಯುವಂತೆ ಉಗುರು ಬಣ್ಣದ ಸಣ್ಣ ಗೆರೆ. ಸ್ಕ್ರೂ ತಾನಾಗಿ ಸಡಿಲವಾದರೂ ಗೆರೆ ಮುರಿದು ಕಾಣುತ್ತದೆ. ಈಗಿನ ತೂಕವನ್ನೂ ಬರೆಯಿರಿ.

ಇನ್ನು ಮುಂದಿನ ನಿಯಮ: ಒಂದು ಸಲಕ್ಕೆ ಒಂದೇ ಸ್ಕ್ರೂ, ಅದೂ ಕಾಲು ಸುತ್ತು. ತಿರುಗಿಸಿದ ಕೂಡಲೇ ಬರೆಯಿರಿ, "ಸ್ಟಾಪ್, ಹೊರಗೆ, ಕಾಲು" ಅಂತ. ನೆನಪಿರುತ್ತದೆ ಅಂತ ಸುಮ್ನೆ ಅಂದುಕೊಳ್ಳಬೇಡಿ, ಇರುವುದಿಲ್ಲ.

ಹಂತ 4: ಧೂಳು ತೆಗೆಯಿರಿ

ನಮ್ಮ ಕಡೆ ಇದಕ್ಕೆ ಪ್ರತ್ಯೇಕ ಹಂತವೇ ಬೇಕು. ಬೇಸಿಗೆಯಲ್ಲಿ ಹುಬ್ಬಳ್ಳಿಯ ಧೂಳು ಮುಚ್ಚಿದ ಬೀರುವಿನೊಳಗೂ ಬರುತ್ತದೆ. ಅದರ ಮೇಲೆ ಯಾರೋ ಹೇಳಿದರು ಅಂತ ಎಣ್ಣೆ ಬಿಟ್ಟಿದ್ದರೆ ಮುಗಿಯಿತು, ಎರಡೂ ಸೇರಿ ಅರೆಯುವ ಪೇಸ್ಟ್ ಆಗಿರುತ್ತದೆ. ಟ್ರಿಗರ್ ಎಳೆಯುವಾಗ ಮರಳಿನ ಮೇಲೆ ಚಪ್ಪಲಿ ಜಾರಿದ ಹಾಗೆ ಕರಕರ ಅನ್ನುತ್ತದಲ್ಲ, ಅದು ಇದೇ.

ಗ್ರಿಪ್ ಬಿಚ್ಚಿ. ಒಣ ಬ್ರಶ್‌ನಿಂದ ಟ್ರಿಗರ್ ಸುತ್ತ ಗುಡಿಸಿ, ಬಟ್ಟೆಯಿಂದ ಒರೆಸಿ. ಟ್ರಿಗರ್ ಪೆಟ್ಟಿಗೆಯನ್ನೇ ಬಿಚ್ಚಬೇಡಿ. ಮ್ಯಾನ್ಯುವಲ್‌ನಲ್ಲಿ ಎಣ್ಣೆ ಹಾಕಿ ಅಂದಿದ್ದರೆ ಮಾತ್ರ, ಅಂದಿರುವ ಜಾಗಕ್ಕೆ, ಸೂಜಿಯ ತುದಿಯಲ್ಲಿ ನಿಲ್ಲುವಷ್ಟು. ಸ್ಪ್ರೇ ಎಣ್ಣೆ ಬೇಡವೇ ಬೇಡ. ಸಿಲಿಂಡರ್ ಕೂಡುವ ಜಾಗಕ್ಕೆ ಮಾಮೂಲಿ ಎಣ್ಣೆ ತಾಗಲೇಬಾರದು. ಜೋರು ಒತ್ತಡದ ಗಾಳಿ ಮತ್ತು ಪೆಟ್ರೋಲಿಯಂ ಎಣ್ಣೆ ಸೇರಿದರೆ ಹೊತ್ತಿಕೊಳ್ಳುವ ಅಪಾಯ ಇದೆ.

ಒಬ್ಬರ "ಬಿರುಸು ಟ್ರಿಗರ್" ಒಳಗಿಂದ ನಾನು ಉಣ್ಣೆ ಸ್ವೆಟರಿನ ಎಳೆ ತೆಗೆದದ್ದುಂಟು. ಅವರಿಗೆ ಒಂದೂ ಸ್ಕ್ರೂ ತಿರುಗಿಸುವುದು ಬೇಕಾಗಲಿಲ್ಲ.

ಹಂತ 5: ಬೆರಳಿಗೆ ಟ್ರಿಗರ್ ಹೊಂದಿಸಿ

ಟ್ರಿಗರ್ ನಾಲಗೆಯನ್ನು ಹಿಂದೆ ಮುಂದೆ ಸರಿಸಬಹುದು, ಸ್ವಲ್ಪ ತಿರುಗಿಸಲೂಬಹುದು. ಪಿಸ್ತೂಲನ್ನು ಸ್ಪರ್ಧೆಯಲ್ಲಿ ಹಿಡಿಯುವ ಹಾಗೇ ಹಿಡಿದು, ಕೈ ಚಾಚಿ, ಆಮೇಲೆ ಬೆರಳು ಇಡಿ. ಕೂತು ಮಡಿಲಲ್ಲಿ ಇಟ್ಟುಕೊಂಡು ನೋಡಿದರೆ ಲೆಕ್ಕ ತಪ್ಪುತ್ತದೆ.

ತೋರುಬೆರಳಿನ ಮೊದಲ ಗೆಣ್ಣಿನ ಮೆತ್ತನೆಯ ಭಾಗದ ನಡುವೆ ನಾಲಗೆ ಕೂರಬೇಕು. ಗೆಣ್ಣಿನ ಗೆರೆಯ ಮೇಲೆ ಕೂತರೆ ಎಳೆತ ಓರೆಯಾಗುತ್ತದೆ. ಬೆರಳಿನ ಬುಡ ಗ್ರಿಪ್‌ಗೆ ತಾಗಬಾರದು. ಒಂದು ಕಾಗದದ ಚೂರು ನಡುವೆ ತೂರಿಸಿ ನೋಡಿ, ಸಲೀಸಾಗಿ ಹೋಗಬೇಕು. ತಾಗಿದರೆ ಬೆರಳು ಮಡಚಿದಾಗೆಲ್ಲ ಇಡೀ ಪಿಸ್ತೂಲನ್ನು ಪಕ್ಕಕ್ಕೆ ನೂಕುತ್ತದೆ. ಎಡಕ್ಕೆ ಜಿಗಿಯುವ ಕಾಯಿಲೆಗೆ ಇದೇ ದೊಡ್ಡ ಕಾರಣ.

ಇದಾದ ಮೇಲೆ ಹಂತ 2ರ ಗೋಡೆ ಪರೀಕ್ಷೆ ಮತ್ತೊಮ್ಮೆ. ಸರಿಹೋಗಿದ್ದರೆ ಸ್ಕ್ರೂ ಮುಟ್ಟದೆ ಎದ್ದೇಳಿ.

ಹಂತ 6: ಎರಡು ಘಟ್ಟದ ತೂಕ

ಮ್ಯಾಚ್ ಟ್ರಿಗರ್‌ಗೆ ಎರಡು ಘಟ್ಟ. ಬೈಕಿನ ಕ್ಲಚ್ ನೆನಪಿಸಿಕೊಳ್ಳಿ. ಸ್ವಲ್ಪ ದೂರ ಸುಮ್ಮನೆ ಬರುತ್ತದೆ, ಆಮೇಲೆ ಒಂದು ಕಡೆ "ಹಾಂ, ಇಲ್ಲಿ ಹಿಡಿಯಿತು" ಅನ್ನಿಸುತ್ತದೆ. ಟ್ರಿಗರ್‌ನಲ್ಲೂ ಮೊದಲ ಘಟ್ಟ ಮುಗಿದ ಕಡೆ ಒಂದು ಗೋಡೆ ಸಿಗುತ್ತದೆ. ಅಲ್ಲಿಂದ ಇನ್ನೊಂದಿಷ್ಟು ಒತ್ತಿದರೆ ಸಿಯರ್, ಅಂದರೆ ಸುತ್ತಿಗೆಯನ್ನು ತಡೆದು ಹಿಡಿದ ಕೊಕ್ಕೆ, ಕಳಚಿಕೊಳ್ಳುತ್ತದೆ. ಕ್ಲಚ್‌ಗೂ ಇದಕ್ಕೂ ಒಂದು ವ್ಯತ್ಯಾಸ: ಇಲ್ಲಿ ಮೊದಲ ಘಟ್ಟಕ್ಕೂ ತೂಕ ಇದೆ. 500 ಗ್ರಾಂ ಎಂಬುದು ಎರಡೂ ಸೇರಿ.

ಕ್ರಮ ಹೀಗೆ. ಮೊದಲು ಟ್ರಿಗರ್ ಸ್ಟಾಪ್ ಸ್ಕ್ರೂವನ್ನು ಎರಡು ಸುತ್ತು ಹೊರಗೆ ತೆಗೆಯಿರಿ (ಕಾಲು ಸುತ್ತಿನ ನಿಯಮ ಇಲ್ಲಿಗಿಲ್ಲ). ಅದು ಅಡ್ಡ ಇದ್ದರೆ ಉಳಿದ ಯಾವ ಅಳತೆಯೂ ನಿಜ ಹೇಳುವುದಿಲ್ಲ. ನಂತರ ಮೊದಲ ಘಟ್ಟದ ದೂರ. ಗೋಡೆ ಸ್ಪಷ್ಟವಾಗಿ ಬೆರಳಿಗೆ ತಿಳಿಯುವಷ್ಟು ಇದ್ದರೆ ಸಾಕು. ಆಮೇಲೆ ಎರಡನೇ ಘಟ್ಟದ ತೂಕ, ಕೊನೆಗೆ ಮೊದಲನೆಯದರ ತೂಕ.

ಹೇಗೆ ಹಂಚಬೇಕು? ನಾನು ಮೊದಲ ಘಟ್ಟಕ್ಕೆ 350ರಿಂದ 400 ಗ್ರಾಂ ಇಟ್ಟು, ಉಳಿದದ್ದನ್ನು ಎರಡನೆಯದಕ್ಕೆ ಬಿಡುತ್ತೇನೆ. ಬಹುಪಾಲು ಭಾರ ಮೊದಲೇ ಬೆರಳಿನ ಮೇಲೆ ಕೂತಿರುತ್ತದೆ, ಕೊನೆಗೆ ಸೇರಿಸಬೇಕಾದದ್ದು ಚೂರೇ ಚೂರು. ಹೊಸಬರಿಗೆ ಎರಡನೇ ಘಟ್ಟ ಇನ್ನೂ ಸ್ವಲ್ಪ ಜಾಸ್ತಿ ಇರಲಿ, ಇಲ್ಲದಿದ್ದರೆ ಗೋಡೆ ತಿಳಿಯದೇ ದಾಟಿಬಿಡುತ್ತಾರೆ. ಇದು ನನ್ನ ಅಭಿರುಚಿ, ನಿಮ್ಮ ಕೋಚ್ ಬೇರೆ ಹೇಳಿದರೆ ಅವರ ಮಾತು ಕೇಳಿ.

ಸಿಯರ್ ಎಷ್ಟು ಕಚ್ಚಿಕೊಂಡಿದೆ ಅನ್ನುವುದಕ್ಕೂ ಕೆಲವು ಮಾಡೆಲ್‌ಗಳಲ್ಲಿ ಸ್ಕ್ರೂ ಇದೆ. ಮುಟ್ಟಬೇಡಿ. "ಗಾಜು ಒಡೆದ ಹಾಗೆ ಬೀಳಬೇಕು" ಅಂತ ಅದನ್ನು ತಿರುಗಿಸಿ ತಿರುಗಿಸಿ, ಬ್ರೀಚ್ ಮುಚ್ಚಿದ ಕೂಡಲೇ ತಾನೇ ಹಾರುವ ಪಿಸ್ತೂಲು ಮಾಡಿಕೊಂಡವರನ್ನು ಕಂಡಿದ್ದೇನೆ.

ಹಂತ 7: ಸ್ಟಾಪ್, ಕೊನೆಗೆ

ಸಿಯರ್ ಕಳಚಿದ ಮೇಲೂ ಟ್ರಿಗರ್ ಹಿಂದಕ್ಕೆ ಓಡುತ್ತಿದ್ದರೆ ಬೆರಳು ಮುಗ್ಗರಿಸುತ್ತದೆ. ಮೆಟ್ಟಿಲು ಇದೆ ಅಂದುಕೊಂಡು ಕಾಲಿಟ್ಟಾಗ ಇರದಿದ್ದರೆ ಆಗುವ ಹಾಗೆ. ಪೆಲೆಟ್ ಇನ್ನೂ ನಳಿಗೆಯಲ್ಲೇ ಇರುವಾಗ ಆ ಮುಗ್ಗರಿಕೆ ಪಿಸ್ತೂಲಿಗೆ ತಲುಪುತ್ತದೆ.

ಸ್ಟಾಪ್ ಸ್ಕ್ರೂವನ್ನು ಕಾಲು ಕಾಲು ಸುತ್ತು ಒಳಗೆ ತನ್ನಿ, ಪ್ರತಿ ಸಲ ಡ್ರೈ ಫೈರ್ ಮಾಡಿ. ಒಂದು ಹಂತದಲ್ಲಿ ಎಷ್ಟು ಒತ್ತಿದರೂ ಸುತ್ತಿಗೆ ಬೀಳುವುದಿಲ್ಲ. ಅಲ್ಲಿಂದ ಅರ್ಧ ಸುತ್ತು ಹೊರಗೆ. ನಿಲ್ಲಿಸಿ.

ಆಸೆಪಟ್ಟು ಇನ್ನೂ ಬಿಗಿ ಮಾಡುವವರಿದ್ದಾರೆ. ಮನೆಯಲ್ಲಿ ಚೆನ್ನಾಗೇ ನಡೆಯುತ್ತದೆ. ಸ್ಪರ್ಧೆಯಲ್ಲಿ ನಾಲಗೆಯ ಹಿಂದೆ ಒಂದು ಕಣ ಧೂಳು ಕೂತರೆ ಟ್ರಿಗರ್ ಸತ್ತು ಹೋಗುತ್ತದೆ, 60 ಗುಂಡಿಗೆ ಇರುವ 75 ನಿಮಿಷದಲ್ಲಿ ಹತ್ತು ನಿಮಿಷ ಅದಕ್ಕೇ ಹೋಗುತ್ತದೆ. 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಮನು ಭಾಕರ್ ಪಿಸ್ತೂಲು ಅರ್ಹತಾ ಸುತ್ತಿನ ನಡುವೆ ಕೆಟ್ಟು ಸಮಯ ಕಳೆದುಹೋಯಿತು. 575 ಅಂಕ, 12ನೇ ಸ್ಥಾನ, ಫೈನಲ್ ಇಲ್ಲ. ಅದು ಸ್ಟಾಪ್ ಸ್ಕ್ರೂ ಕಥೆಯಲ್ಲ, ಆದರೆ ನಡುವೆ ನಿಂತ ಪಿಸ್ತೂಲು ಎಂಥವರನ್ನೂ ಏನು ಮಾಡುತ್ತದೆ ಅಂತ ಗೊತ್ತಾಗುತ್ತದೆ.

ಹಂತ 8: ತಟ್ಟಿ ನೋಡಿ

ಖಾಲಿ ಪಿಸ್ತೂಲನ್ನು ಕಾಕ್ ಮಾಡಿ, ಅಂದರೆ ಸುತ್ತಿಗೆ ಎತ್ತಿ ನಿಲ್ಲಿಸಿ, ನಳಿಗೆ ಗೋಡೆಯ ಕಡೆ, ಬೆರಳು ಟ್ರಿಗರ್‌ನಿಂದ ಹೊರಗೆ. ಅಂಗೈಯ ಬುಡದಿಂದ ಗ್ರಿಪ್‌ಗೆ ಹತ್ತು ಸಲ ತಟ್ಟಿ. ನಂತರ ಬ್ರೀಚನ್ನು ಹತ್ತು ಸಲ ಸ್ವಲ್ಪ ಜೋರಾಗಿ ಮುಚ್ಚಿ. ಒಂದೇ ಒಂದು ಸಲ ಸುತ್ತಿಗೆ ಬಿದ್ದರೂ ಆ ಪಿಸ್ತೂಲು ರೇಂಜ್‌ಗೆ ಹೋಗಬಾರದು. ನೋಟ್‌ಬುಕ್ ನೋಡಿ ಎಲ್ಲ ಸ್ಕ್ರೂ ಹಳೆಯ ಜಾಗಕ್ಕೆ ತನ್ನಿ. ಆಮೇಲೂ ಬೀಳುತ್ತಿದ್ದರೆ ಅದು ಸವೆತ, ಸರ್ವಿಸ್‌ಗೆ ಕಳಿಸಬೇಕು.

ಹಂತ 9: ತೂಗುವುದು

ಪಿಸ್ತೂಲನ್ನು ಕಾಕ್ ಮಾಡಿ. ಅಧಿಕೃತ ತಪಾಸಣೆಯಲ್ಲಿ ಗಾಳಿಯ ಚಾರ್ಜ್ ಕೂಡ ಇರಬೇಕು, ಹಾಗಾಗಿ ಕೊನೆಯ ಸಲ ನೀವೂ ಪೆಲೆಟ್ ಇಲ್ಲದೆ, ಗಾಳಿ ಇಟ್ಟುಕೊಂಡೇ ನೋಡಿ. ಇದನ್ನು ರೇಂಜ್‌ನಲ್ಲೇ ಮಾಡುವುದು ಒಳ್ಳೆಯದು. ನಳಿಗೆ ನೆಟ್ಟಗೆ ಮೇಲಕ್ಕೆ. ಮುಖ ಅದರ ಮೇಲೆ ಬಗ್ಗಬಾರದು. ಬಾಟಲಿ ಟೇಬಲ್ ಮೇಲಿರಲಿ, ಕೊಕ್ಕೆಯನ್ನು ಟ್ರಿಗರ್‌ಗೆ ಸಿಕ್ಕಿಸಿ, ಭಾವಿಯಿಂದ ಕೊಡ ಎತ್ತಿದ ಹಾಗೆ ತುಳುಕದಂತೆ ಮೇಲೆತ್ತಿ. ಬಾಟಲಿ ಟೇಬಲ್ ಬಿಟ್ಟು ತೂಗಬೇಕು, ಸುತ್ತಿಗೆ ಬೀಳಬಾರದು.

ಕೊಕ್ಕೆ ಎಲ್ಲಿ ಕೂರುತ್ತದೆ ಅನ್ನುವುದರಲ್ಲೇ ಇದೆ ಮರ್ಮ. ಟ್ರಿಗರ್ ಮೇಲ್ಗಡೆಯ ಪಿನ್ ಸುತ್ತ ತಿರುಗುವ ಸನ್ನೆ. ನಾಲಗೆಯ ತುದಿಗೆ ನೇತುಹಾಕಿದರೆ ಸ್ವಲ್ಪ ತೂಕಕ್ಕೇ ಬೀಳುತ್ತದೆ, ಬುಡಕ್ಕೆ ಹಾಕಿದರೆ ಜಾಸ್ತಿ ತಡೆಯುತ್ತದೆ. ತಪಾಸಣೆಯವರು ನಡುವೆ ಹಾಕುತ್ತಾರೆ. ನೀವೂ ನಡುವೆಯೇ ಹಾಕಿ, ಒಮ್ಮೆ ಸ್ವಲ್ಪ ಕೆಳಗೂ ಹಾಕಿ ನೋಡಿ.

ಸರಿಯಾಗಿ 500ಕ್ಕೆ ನಿಲ್ಲಿಸಬೇಡಿ. ಬಾಟಲಿಯ ಕುತ್ತಿಗೆಗೆ ಇನ್ನೊಂದು 10–15 ಗ್ರಾಂ ಕಟ್ಟಿ, ಅದನ್ನೂ ಎತ್ತುವಂತೆ ಹೊಂದಿಸಿ. ಮೂರು ಪ್ರಯತ್ನದಲ್ಲೂ ತೂಕ ಎತ್ತಲಾಗದಿದ್ದರೆ ಟ್ರಿಗರ್ ಪಾಸಾಗುವುದಿಲ್ಲ. ಸ್ಪರ್ಧೆ ಮುಗಿದ ಮೇಲೂ ಯಾರದ್ದಾದರೂ ತೂಗಬಹುದು, ಆಗ ಬಿದ್ದರೆ ಹೊಡೆದ ಅಂಕವೆಲ್ಲ ಹೋಗುತ್ತದೆ. ಆ 15 ಗ್ರಾಂ ಬೆರಳಿಗೆ ತಿಳಿಯುವುದೂ ಇಲ್ಲ.

ಹಂತ 10: ಎರಡು ವಾರ ಕೈ ಕಟ್ಟಿಕೊಳ್ಳಿ

ಎಲ್ಲ ಸ್ಕ್ರೂಗೂ ಹೊಸ ಉಗುರು ಬಣ್ಣದ ಗೆರೆ ಎಳೆದು ಅಲೆನ್ ಕೀಯನ್ನು ಮನೆಯಲ್ಲಿ ಬಿಡಿ. ಹೊಸ ಹದಕ್ಕೆ ಬೆರಳು ಒಗ್ಗಬೇಕು. ಮೊದಲ ದಿನ ಎರಡು ಸರಣಿ ಕೆಟ್ಟದಾಗಿ ಹೋಯಿತು ಅಂತ ಮತ್ತೆ ತಿರುಗಿಸಿದರೆ ಯಾವುದರಿಂದ ಏನಾಯಿತು ಅನ್ನುವುದೇ ತಿಳಿಯುವುದಿಲ್ಲ.

ದಿನಕ್ಕೆ 15 ನಿಮಿಷ ಬಿಳಿ ಗೋಡೆ. ಮೊದಲ ಘಟ್ಟವನ್ನು ಪಿಸ್ತೂಲು ಇಳಿಸುತ್ತಿರುವಾಗಲೇ ತೆಗೆದುಕೊಳ್ಳಿ, ಆ ಘಟ್ಟ ಮುಗಿಯುವ ಟ್ರಿಗರ್ ಗೋಡೆಯಲ್ಲಿ ಬೆರಳು ನಿಲ್ಲಿಸಿ, ಸೈಟ್ ನೋಡುತ್ತಾ ಒತ್ತಡ ಏರಿಸುತ್ತ ಹೋಗಿ. ಕ್ಲಿಕ್ ಆದ ಮೇಲೂ ಎರಡು ಸೆಕೆಂಡ್ ಬೆರಳು ಹಿಂದೆಯೇ ಇರಲಿ. ನನ್ನ ಕೋಚ್ ಹೇಳುತ್ತಿದ್ದರು, "ತಮ್ಮಾ, ಬಿಡಾಕ ಅವಸರ ಮಾಡಬ್ಯಾಡ, ಅದು ಎಲ್ಲಿಗೂ ಓಡಿ ಹೋಗಂಗಿಲ್ಲ."

ಇವು ಕಂಡರೆ ನಿಲ್ಲಿಸಿ

ತೂಕ ದಿನಕ್ಕೊಂದು ಬರುತ್ತಿದೆ. ಉಗುರು ಬಣ್ಣದ ಗೆರೆ ಮುರಿದಿದೆ. ಮೊದಲ ಘಟ್ಟದಿಂದ ಬೆರಳು ತೆಗೆದರೆ ಟ್ರಿಗರ್ ಮುಂದಕ್ಕೆ ವಾಪಸ್ ಬರುತ್ತಿಲ್ಲ. ಗೋಡೆ ಒಮ್ಮೆ ಸಿಗುತ್ತದೆ, ಒಮ್ಮೆ ಸಿಗುವುದಿಲ್ಲ. ಒತ್ತದೆಯೇ ಹಾರಿತು. ಕೊನೆಯದು ಒಂದೇ ಸಲ ಆದರೂ ಸಾಕು, ಪಿಸ್ತೂಲು ಕೆಳಗಿಟ್ಟು ರೇಂಜ್ ಅಧಿಕಾರಿಗೆ ಹೇಳಿ. "ಈಗ ಸರಿ ಐತ್ರಿ" ಅಂತ ಮುಂದುವರಿಸಬೇಡಿ.

ಇವಕ್ಕೆ ಮನೆಮದ್ದು ಇಲ್ಲ. ಕಂಪನಿಯ ಸರ್ವಿಸ್‌ಗೆ ಕಳಿಸುವಾಗ ಸಿಲಿಂಡರ್ ಬಿಚ್ಚಿ ಮನೆಯಲ್ಲಿಡಿ. ಹಾಗೇ ಅದರ ಮೇಲಿನ ತಾರೀಖನ್ನೂ ನೋಡಿಕೊಳ್ಳಿ, ಸಾಮಾನ್ಯವಾಗಿ 10 ವರ್ಷದ ವಾಯಿದೆ ಇರುತ್ತದೆ. ಪೆಟ್ಟಿಗೆಯೊಳಗೆ ನಿಮ್ಮ ನೋಟ್‌ಬುಕ್‌ನ ಆ ಪುಟದ ಫೋಟೊಪ್ರತಿ ಹಾಕಿ: ಯಾವ ಸ್ಕ್ರೂ, ಎಷ್ಟು ಸುತ್ತು, ಯಾವ ದಿನ, ತೂಕ ಎಷ್ಟಿತ್ತು. ಬರೀ "ಟ್ರಿಗರ್ ಸರಿ ಇಲ್ಲ" ಅಂತ ಚೀಟಿ ಇಟ್ಟು ಕಳಿಸಿದ ಪಿಸ್ತೂಲು, ಬಂದ ಹಾಗೇ ವಾಪಸ್ ಬಂದದ್ದನ್ನು ನೋಡಿದ್ದೇನೆ.